ಬೇಸಗೆಯ ನೀರು: ವ್ಯಾಪಾರಸ್ಥರ ಹೊಣೆ, ಊರಿನ ಹಕ್ಕು

ಧಾರಾಕಾರ ಮಳೆ ಸುರಿಯುವ ಸೀಮೆಯಲ್ಲಿಯೇ ಬೇಸಗೆಯಲ್ಲಿ ಕೊಡ ಹಿಡಿದು ಕಾಯಬೇಕಾಗುವುದು ಖಾನಾಪುರ ತಾಲ್ಲೂಕಿನ ವಿಪರ್ಯಾಸ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಲೋಂಡಾ ಸುತ್ತಲಿನ ಕಾಡಿನ ನೀರು ಪಾಂಡರಿ ಹೊಳೆಯ ಮೂಲಕ ಕಾಳಿಯನ್ನು ಸೇರುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ಮಳೆಯ ಬಹುಪಾಲು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಜಂಬಿಟ್ಟಿಗೆ ಮಣ್ಣು ಹೀರಿದ ನೀರನ್ನು ಬಹುಕಾಲ ಹಿಡಿದಿಡುವುದಿಲ್ಲ. ಮಾರ್ಚ್ ಕಳೆಯುತ್ತಲೇ ಬಾವಿಗಳ ಮಟ್ಟ ಇಳಿಯುತ್ತದೆ. ಬೆಳಗಾವಿ ನಗರವಾದರೂ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳತ್ತ ನೋಡುತ್ತ ಮುಂಗಾರಿಗಾಗಿ ಕಾಯುತ್ತದೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು, ಕಟ್ಟಡ ಕಟ್ಟಲು, ಕೈತೋಟಕ್ಕೆ ಕುಡಿಯುವ ನೀರನ್ನು ಬಳಸಕೂಡದೆಂದು ಆಜ್ಞೆ ಹೊರಡಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸಿತು. ವಾಣಿಜ್ಯ ಮಳಿಗೆಗಳ ನಲ್ಲಿಗಳಿಗೆ ಏರಿಯೇಟರ್ ಜೋಡಿಸುವುದನ್ನು ಕಡ್ಡಾಯಗೊಳಿಸಿತು. ಸಿದ್ಧತೆಯಿಲ್ಲದವರಿಗೆ ನಿರ್ಬಂಧವು ಸಂಕಟವಾಯಿತು. ಇಂದು ಅಲ್ಲಿ ಬಂದದ್ದು ನಾಳೆ ಇಲ್ಲಿಯೂ ಬರಬಹುದು.

ಇಲ್ಲಿ ವಿಚಾರಿಸಬೇಕಾದುದು ನ್ಯಾಯದ ಪ್ರಶ್ನೆ. ಹಣವುಳ್ಳ ಹೋಟೆಲು ಟ್ಯಾಂಕರ್ ತರಿಸಿಕೊಳ್ಳಬಲ್ಲುದು. ಕೂಲಿಯವರ ಮನೆ ತರಿಸಿಕೊಳ್ಳಲಾರದು. ಆ ಟ್ಯಾಂಕರಿನ ನೀರಾದರೂ ಯಾವುದೋ ಹಳ್ಳಿಯ ಕೊಳವೆಬಾವಿಯಿಂದಲೇ ಬಂದುದು. ಜಲಜೀವನ್ ಯೋಜನೆಯು ಗ್ರಾಮೀಣ ವ್ಯಕ್ತಿಯೊಬ್ಬನಿಗೆ ದಿನಕ್ಕೆ ನಿಗದಿಪಡಿಸಿದ ನೀರು 55 ಲೀಟರ್. ನಿಮಿಷಕ್ಕೆ 10 ಲೀಟರ್ ಸುರಿಸುವ ನಲ್ಲಿಯನ್ನು ಪಾತ್ರೆ ತೊಳೆಯುವಾಗ ಐದೂವರೆ ನಿಮಿಷ ತೆರೆದುಬಿಟ್ಟರೆ ಒಬ್ಬನ ಇಡೀ ದಿನದ ಪಾಲು ಮೋರಿ ಸೇರಿತೆಂದೇ ಅರ್ಥ.

ಹಾಗಾದರೆ ವ್ಯಾಪಾರಸ್ಥರು ಮಾಡಬಹುದಾದುದೇನು? ಮೊದಲು ಅಳೆಯಬೇಕು. ರಾತ್ರಿ ಅಂಗಡಿ ಮುಚ್ಚುವಾಗಲೂ ಬೆಳಿಗ್ಗೆ ತೆರೆಯುವಾಗಲೂ ಮೀಟರ್ ನೋಡಿ ಬರೆದಿಟ್ಟುಕೊಳ್ಳಬೇಕು. ತೊಟ್ಟಿ ತುಂಬುವ ಕೆಲಸವಿಲ್ಲದೆಯೂ ಮುಳ್ಳು ಸರಿದಿದ್ದರೆ ಎಲ್ಲಿಯೋ ಸೋರಿಕೆಯಿದೆ. ಎರಡನೆಯದು, ಒಂದೇ ನೀರನ್ನು ಎರಡು ಬಾರಿ ದುಡಿಸುವುದು. ಖಾನಾವಳಿಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರು ಗಿಡಗಳಿಗೆ, ಆರ್‌ಒ ಯಂತ್ರ ಹೊರಬಿಡುವ ನೀರು ನೆಲ ಒರೆಸಲು ಸಲ್ಲುತ್ತದೆ. ಪಾತ್ರೆಗಳ ಎಂಜಲನ್ನು ಮೊದಲು ಒರೆಸಿ ತೆಗೆದು, ತೊಟ್ಟಿಯಲ್ಲಿ ನೆನೆಯಿಟ್ಟು ತೊಳೆದರೆ ಹರಿಯುವ ನಲ್ಲಿಯ ಅಗತ್ಯವೇ ಕಡಿಮೆಯಾಗುತ್ತದೆ. ವಾಹನ ತೊಳೆಯುವವರು ಕೆಸರು ಮತ್ತು ಎಣ್ಣೆಯನ್ನು ಬೇರ್ಪಡಿಸುವ ತೊಟ್ಟಿ ಕಟ್ಟಿ ನೀರನ್ನು ಮರಳಿ ಬಳಸಬಹುದು. ಉದ್ಯಮಬಾಗದ ಫೌಂಡ್ರಿಗಳಂಥಲ್ಲಿ ಕುಲುಮೆ ತಣಿಸುವ ನೀರು ಮುಚ್ಚಿದ ಸುತ್ತಿನಲ್ಲಿ ತಿರುಗುತ್ತಿದ್ದರೆ ಹೊಸ ನೀರು ಅಲ್ಪವೇ ಸಾಕು. ಗಾರೆ ಕೆಲಸದವರು ಒದ್ದೆ ಗೋಣಿತಟ್ಟು ಹೊದಿಸಿ ಕ್ಯೂರಿಂಗ್ ಮಾಡಬಹುದು.

ಮೂರನೆಯದು ಹಾಗೂ ನಮ್ಮ ಸೀಮೆಗೆ ಅತ್ಯಂತ ಸಲ್ಲುವುದು ಮಳೆಕೊಯ್ಲು. 100 ಚದರ ಮೀಟರ್ ಮಾಡಿನ ಮೇಲೆ 1,000 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲಕ್ಷ ಲೀಟರ್ ನೀರು. ಖಾನಾಪುರದ ಪಶ್ಚಿಮ ಭಾಗದಲ್ಲಿ ಇದಕ್ಕಿಂತ ಹೆಚ್ಚು ಮಳೆ ಬೀಳುತ್ತದೆ. ಅಷ್ಟನ್ನೂ ತೊಟ್ಟಿಯಲ್ಲಿ ಹಿಡಿದಿಡಲಾಗದು, ನಿಜ. ಉಳಿದುದನ್ನು ಸೋಸಿ ಬಾವಿಗೆ ಇಳಿಸಬಹುದು. ಅದು ಮಾಲೀಕನೊಬ್ಬನದೇ ಅಲ್ಲ, ನೆರೆಯವರ ಬಾವಿಯನ್ನೂ ಕಾಯುತ್ತದೆ. ಈ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು.

ಉಳಿತಾಯದ ಹೆಸರಿನಲ್ಲಿ ಸಲ್ಲದ ಕೆಲಸಗಳೂ ಇವೆ. ಗಿರಾಕಿಗೆ ಕುಡಿಯುವ ನೀರು ನಿರಾಕರಿಸುವುದು, ಕೆಲಸದವರ ಶೌಚಾಲಯಕ್ಕೆ ಬೀಗ ಹಾಕುವುದು, ತೊಳೆಯುವ ಕಷ್ಟ ತಪ್ಪಿಸಲು ಪ್ಲಾಸ್ಟಿಕ್ ತಟ್ಟೆ ರಾಶಿ ಹಾಕುವುದು ಹೊರೆಯನ್ನು ಮತ್ತೊಬ್ಬರ ಹೆಗಲಿಗೆ ದಾಟಿಸುವುದಷ್ಟೇ. ಅದೇ ರೀತಿ, ತೊಟ್ಟಿ ಕಟ್ಟುವ ಶಕ್ತಿಯಿಲ್ಲದ ಚಹಾ ಅಂಗಡಿಯವನ ಮೇಲೂ ದೊಡ್ಡ ಲಾಡ್ಜಿನ ಮೇಲೂ ಒಂದೇ ನಿಯಮ ಹೇರುವುದು ಸರಿಯಲ್ಲ. ಪಂಚಾಯತಿಗಳು ಬಳಕೆಯ ಪ್ರಮಾಣ ನೋಡಿ ಹೊಣೆ ಹಂಚಬೇಕು.

ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಆ ಬಳಿಕವೂ ವರ್ಷಗಳು ಅನುಮತಿಗಳ ದಾರಿ ಕಾಯುವುದರಲ್ಲಿಯೇ ಸಂದವು. ದೊಡ್ಡ ಯೋಜನೆಗಳಿಗಾಗಿ ಒತ್ತಾಯಿಸುವುದು ನಮ್ಮ ಹಕ್ಕು. ಆದರೆ ನಲ್ಲಿಯ ತಿರುಪು ಇಂದೇ ನಮ್ಮ ಕೈಯಲ್ಲಿದೆ. ದುಡಿದು ಗಳಿಸಿದ್ದರಲ್ಲಿ ಸಮಾಜದ ಪಾಲಿದೆ ಎಂಬುದು ಕಾಯಕ-ದಾಸೋಹದ ತಿರುಳಾದರೆ, ದುಡಿಮೆಗೆ ಬಳಸುವ ನೀರಿನಲ್ಲಿ ಆ ಪಾಲು ಇನ್ನೂ ಹಿರಿದು. ನಿತ್ಯ ನೂರಾರು ಜನರಿಗೆ ಪ್ರಸಾದ ಬಡಿಸುವ ಮಠಗಳ ಅಡುಗೆಮನೆಗಳೂ ಈ ಲೆಕ್ಕದಿಂದ ಹೊರತಲ್ಲ. ಅಲ್ಲಿಯೂ ಮೀಟರಿನ ಪುಸ್ತಕವೊಂದು ಇರಲಿ.