ಮನೆಯಲ್ಲಿ ಬಂದ ನೆಟ್ ಕ್ಯಾಂಪಸ್ಸಿನಲ್ಲಿ ಏಕಿಲ್ಲ?

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳ ಮಕ್ಕಳು ಓದಲೆಂದು ಧಾರವಾಡ ಸೇರುವುದು ಹೊಸತಲ್ಲ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯಗಳ ಜೊತೆಗೆ 2016ರಿಂದ ಐಐಟಿಯೂ ಅಲ್ಲಿದೆ. ಹೊಸತೆಂದರೆ ಟ್ರಂಕಿನ ಜೊತೆ ಲ್ಯಾಪ್‌ಟಾಪೂ ಹೋಗುತ್ತಿರುವುದು. ಎಷ್ಟೋ ಮನೆಗಳಲ್ಲಿ ಅದು ಯಾರೋ ಬಳಸಿ ಮಾರಿದ್ದು. ಊರಲ್ಲಿ ಅಪ್ಪನ ಮೊಬೈಲಿನ ಹಾಟ್‌ಸ್ಪಾಟಿಗೆ ಥಟ್ಟನೆ ಕೂಡುತ್ತಿದ್ದ ಯಂತ್ರ, ಕ್ಯಾಂಪಸ್ಸಿನ ವೈಫೈಗೆ ಹತ್ತುವುದೇ ಇಲ್ಲ. ಇತ್ತ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಹತ್ತಿರ ಬಂದಿರುತ್ತದೆ. "ಮನ್ಯಾಗ ಬರ್ತಿತ್ತಲ್ಲೋ ತಮ್ಮಾ, ಅಲ್ಲಿ ಯಾಕ ಬರವಲ್ದು?" ಎಂದು ಅಪ್ಪ ಫೋನಿನಲ್ಲಿ ಕೇಳಿದರೆ ಹುಡುಗನಲ್ಲಿ ಉತ್ತರವಿಲ್ಲ.

ಉತ್ತರ ಇದೆ. ಹಾಟ್‌ಸ್ಪಾಟ್ ಮನೆಯ ಕೀಲಿಯಂತೆ. ಯಾರ ಕೈಯಲ್ಲಿದ್ದರೂ ಬಾಗಿಲು ತೆರೆಯುತ್ತದೆ. ಅನೇಕ ಕ್ಯಾಂಪಸ್ಸುಗಳ ವೈಫೈ ಹಾಸ್ಟೆಲ್ ಗೇಟಿನ ಕಾವಲುಗಾರನಂತೆ. ಒಬ್ಬೊಬ್ಬರ ಹೆಸರು, ಪಾಸ್‌ವರ್ಡ್ ಬೇರೆ ಬೇರೆ ಕೇಳುತ್ತದೆ. ಲ್ಯಾಪ್‌ಟಾಪೂ ಸುಮ್ಮನಿರುವುದಿಲ್ಲ. ಎದುರಿಗಿರುವುದು ನಿಜವಾಗಿಯೂ ಕಾಲೇಜಿನ ಜಾಲವೇ ಎಂದು ತಿಳಿಯಲು ಅದರ ಪ್ರಮಾಣಪತ್ರ ನೋಡುತ್ತದೆ. ಬಸ್ ಪಾಸಿನಂತೆ ಆ ಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಉಂಟು.

ಹಳೆಯ ಲ್ಯಾಪ್‌ಟಾಪ್ ಎಡವುವ ಒಂದು ಜಾಗ ಇದೇ. ಒಳಗಿನ ಗಡಿಯಾರದ ಪುಟ್ಟ ಸೆಲ್ ಸತ್ತಿದ್ದರೆ, ಬ್ಯಾಟರಿ ಪೂರ್ತಿ ಖಾಲಿಯಾದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ಆ ಲೆಕ್ಕದಲ್ಲಿ ಪ್ರಮಾಣಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲ! ಸಂಪರ್ಕ ಮುರಿಯುತ್ತದೆ, ಕಾರಣವನ್ನು ಪರದೆ ಹೇಳುವುದಿಲ್ಲ. ಹಾಟ್‌ಸ್ಪಾಟ್ ತಾರೀಖು ನೋಡುವುದಿಲ್ಲ. ನೆಟ್ ಬಂದ ಮೇಲೆ ಗಡಿಯಾರ ತಾನೇ ಸರಿಹೋಗುತ್ತದೆ. ಕ್ಯಾಂಪಸ್ಸಿನಲ್ಲಿ ನೆಟ್ ಬರಲು ತಾರೀಖು ಬೇಕು, ತಾರೀಖು ಸರಿಹೋಗಲು ನೆಟ್ ಬೇಕು. ಆದ್ದರಿಂದ ದಿನ, ವರ್ಷ, ವೇಳೆಯನ್ನು ಕೈಯಾರೆ ತಿದ್ದಿ ನೋಡಬೇಕು. ಮತ್ತೆ ಮತ್ತೆ ತಪ್ಪಿದರೆ ಸೆಲ್ ಬದಲಿಸಿದರಾಯಿತು. ಸಾಲ ಮಾಡಿ ಹೊಸ ಲ್ಯಾಪ್‌ಟಾಪ್ ಕೊಡಿಸುವ ಮಾತು ಆಮೇಲೆ.

ಇದಕ್ಕೂ ಮೊದಲು ಪಕ್ಕದವನ ಫೋನಿನಲ್ಲಿ ನೆಟ್ ಇದೆಯೇ ಕೇಳಬೇಕು. ಅವನಿಗೂ ಇಲ್ಲದಿದ್ದರೆ ತನ್ನ ಯಂತ್ರವನ್ನು ಕೆದಕಿ ಫಲವಿಲ್ಲ. ಫ್ಲೈಟ್ ಮೋಡ್ ಗುಂಡಿ ಅರಿಯದೆ ಒತ್ತಿರುವುದೂ ಉಂಟು. ಪಾಸ್‌ವರ್ಡ್ ಬದಲಿಸಿದ್ದರೆ ಲ್ಯಾಪ್‌ಟಾಪ್ ಹಳೆಯದನ್ನೇ ಒಪ್ಪಿಸುತ್ತಿರಬಹುದು. ಆ ಜಾಲವನ್ನು 'ಫರ್ಗೆಟ್' ಮಾಡಿ ಹೊಸದಾಗಿ ಸೇರಬೇಕು. ಸಿಗ್ನಲ್ ಪೂರ್ತಿ ಇದ್ದೂ ಪುಟ ತೆರೆಯದಿದ್ದರೆ, ಬ್ರೌಸರಿನಲ್ಲಿ ಕಾಲೇಜಿನ ಲಾಗಿನ್ ಪುಟ ಕಾದಿದೆಯೇ ನೋಡಬೇಕು. ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ ಜಾಲವಿನ್ನೂ ವಿಳಾಸ ಕೊಟ್ಟಿಲ್ಲವೆಂದೇ ಅರ್ಥ. ಬರೀ 2.4 ಗಿಗಾಹರ್ಟ್ಸ್ ಬಲ್ಲ ಹಳೆಯ ಯಂತ್ರಕ್ಕೆ 5 ಗಿಗಾಹರ್ಟ್ಸ್ ಜಾಲದ ಹೆಸರು ಕಾಣುವುದೇ ಇಲ್ಲ. ಅದು ಕೆಟ್ಟಿದೆ ಎಂದಲ್ಲ.

ಅವಸರದಲ್ಲಿ ಗೆಳೆಯನ ಪಾಸ್‌ವರ್ಡ್ ಎರವಲು ಪಡೆಯುವುದು ಮಾತ್ರ ಬೇಡ. ಏನೇ ಹೆಚ್ಚುಕಡಿಮೆಯಾದರೂ ಅದು ಅವನ ಹೆಸರಿಗೇ ಬೀಳುತ್ತದೆ. ಕಂಪ್ಯೂಟರ್ ಕೇಂದ್ರಕ್ಕೆ ಹೋಗುವಾಗ "ನೆಟ್ ಬರ್ತಿಲ್ಲ ಸರ್" ಎಂದಷ್ಟೇ ಹೇಳದೆ, ಯಾವ ಕೋಣೆ, ಎಷ್ಟು ಹೊತ್ತಿಗೆ ಎಂಬುದನ್ನು ಬರೆದುಕೊಂಡು, ಪರದೆಯ ಮೇಲೆ ಬಂದ ಮಾತಿನ ಫೋಟೋ ಒಯ್ದರೆ ಅಲ್ಲಿನವರಿಗೆ ಕೆಲಸ ಹಗುರ.