ಮೋಜಿನ ತೋಟದ ಲೆಕ್ಕ

ದುಡಿಯುವವನಿಗೆ ವಿರಾಮ ಬೇಕು. ವಾರವೆಲ್ಲ ಯಂತ್ರದ ಮುಂದೆ ನಿಂತವನೂ, ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನೂ ಒಂದು ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ನಾಲ್ಕು ಗಳಿಗೆ ನಕ್ಕು ಬರಬೇಕೆಂದು ಬಯಸಿದರೆ ಅದನ್ನು ದುಂದು ಎನ್ನುವವರ ಮಾತಿಗೆ ನಮ್ಮ ಒಪ್ಪಿಗೆಯಿಲ್ಲ. ಅನ್ನ ಬಟ್ಟೆಗಳಂತೆ ವಿನೋದವೂ ಮನುಷ್ಯನ ಅಗತ್ಯ. ಜಾತ್ರೆಯ ತೊಟ್ಟಿಲಿಗೆ ಮಗುವನ್ನು ಕೂರಿಸಿ ಕೆಳಗೆ ನಿಂತು ನೋಡುವ ತಂದೆಯ ಮುಖವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಆ ವಿನೋದವನ್ನು ಯಾರು, ಯಾರ ಜಾಗದಲ್ಲಿ, ಯಾರ ಹಣದಿಂದ ನಡೆಸುತ್ತಾರೆ, ಅದರ ಲಾಭ ಯಾರ ಜೇಬಿಗೆ ಸೇರುತ್ತದೆ ಎಂಬ ಪ್ರಶ್ನೆ ಇದ್ದೇ ಇದೆ. ಈಗ ಅದನ್ನು ಎತ್ತಲು ಕಾರಣವೂ ಇದೆ. ಕೃಷ್ಣರಾಜಸಾಗರದ ಬೃಂದಾವನವನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಮಾಡುತ್ತೇವೆಂದು 2018ರಲ್ಲಿ ಆಗಿನ ಸರ್ಕಾರ ಸಾರಿತು. 2024ರ ಜುಲೈಯಲ್ಲಿ ರಾಜ್ಯದ ಸಚಿವ ಸಂಪುಟ 2,663 ಕೋಟಿ ರೂಪಾಯಿಗೂ ಮಿಗಿಲಾದ ಅಂದಾಜಿನ ಯೋಜನೆಯೊಂದಕ್ಕೆ, ಸರ್ಕಾರ ಮತ್ತು ಖಾಸಗಿಯವರ ಸಹಭಾಗಿತ್ವದಲ್ಲಿ ನಡೆಸುವಂತೆ, ಒಪ್ಪಿಗೆ ಕೊಟ್ಟಿತು. ಅಣೆಕಟ್ಟಿನ ಮಗ್ಗುಲಲ್ಲಿ ಇಂಥ ಕಟ್ಟಡಗಳು ಬೇಡವೆಂದು ಮಂಡ್ಯದ ರೈತರು ಆಗಲೂ ಈಗಲೂ ಪ್ರತಿಭಟಿಸಿದ್ದಾರೆ. ಅಣೆಕಟ್ಟಿನ ಕ್ಷೇಮದ ವಿಚಾರ ಪ್ರತ್ಯೇಕವಾಗಿ ಚರ್ಚಿಸಬೇಕಾದದ್ದು. ಇಲ್ಲಿ ನಾವು ನೋಡಬೇಕೆಂದಿರುವುದು, ಮಾದರಿ ಮಾದರಿ ಎಂದು ಹೇಳುವ ಆ ಡಿಸ್ನಿಲ್ಯಾಂಡಿನ ಲೆಕ್ಕಪತ್ರವನ್ನು.

ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಅನಾಹೈಮ್ ಎಂಬ ಊರಿನಲ್ಲಿ ಕಿತ್ತಳೆ ತೋಟಗಳಿದ್ದ 160 ಎಕರೆ ನೆಲವನ್ನು ಕೊಂಡು, ಸುಮಾರು ಒಂದು ಕೋಟಿ 70 ಲಕ್ಷ ಡಾಲರು ವೆಚ್ಚಮಾಡಿ, 1955ರ ಜುಲೈ 17ರಂದು ವಾಲ್ಟ್ ಡಿಸ್ನಿ ತನ್ನ ತೋಟದ ಬಾಗಿಲು ತೆರೆದ. ನೂಕುನುಗ್ಗಲು ಅಂದೇ ಹುಟ್ಟಿತು. ಆಹ್ವಾನ ಹೋದವರಿಗಿಂತ ಬಹಳ ಹೆಚ್ಚು ಜನ ಖೋಟಾ ಚೀಟಿ ಹಿಡಿದು ಒಳನುಗ್ಗಿದರು. ಹೆದ್ದಾರಿಯಲ್ಲಿ ಮೋಟಾರುಗಳು ಸಾಲುಗಟ್ಟಿ ನಿಂತವು. ಆಗ ದೊಡ್ಡವರಿಗೆ ಒಳಗೆ ಹೋಗಲು ಒಂದು ಡಾಲರು, ಮೋಟಾರು ನಿಲ್ಲಿಸಲು ಕಾಲು ಡಾಲರು. ಒಂದೊಂದು ಆಟಕ್ಕೆ ಬೇರೆ ಟಿಕೆಟ್ಟು. 2024ರಲ್ಲಿ ಒಂದು ದಿನದ ಪ್ರವೇಶ ಜನಸಂದಣಿಯ ದಿನಗಳಲ್ಲಿ 206 ಡಾಲರಿಗೆ ಏರಿತು. ಮೋಟಾರು ನಿಲ್ಲಿಸುವುದಕ್ಕೆ 35 ಡಾಲರು.

ದಿನದ ಟಿಕೆಟ್ಟು ಕೈಗೆಟುಕದವರು ವರ್ಷದ ಪಾಸಿನ ಕಡೆ ತಿರುಗುತ್ತಾರೆ. 1980ರ ದಶಕದಲ್ಲಿ ಬಂದ ಈ ಪಾಸು ಮೇಲುನೋಟಕ್ಕೆ ಜನಸಾಮಾನ್ಯರಿಗೆ ಉಪಕಾರ. ಒಮ್ಮೆ ಹಣ ಕೊಟ್ಟರೆ ವರ್ಷವಿಡೀ ಹೋಗಿ ಬರಬಹುದು. ಸ್ಥಳೀಯರು ತಿಂಗಳ ಕಂತಿನಲ್ಲಿಯೂ ಕಟ್ಟಬಹುದು. ಕಂಪನಿಗೆ ಇದರಿಂದ ಆಗುವ ಲಾಭ ಇನ್ನೂ ದೊಡ್ಡದು. ಜನ ಬರಲಿ ಬಿಡಲಿ, ಹಣ ಮೊದಲೇ ಬಂದುಬಿಡುತ್ತದೆ. ಬಂದವರು ತಿಂಡಿ, ಬೊಂಬೆ, ಟೋಪಿಗಳಿಗೆ ಮತ್ತೆ ಖರ್ಚುಮಾಡುತ್ತಾರೆ. ಪಾಸು ಅಚ್ಚುಹಾಕಲು ಬೇಕಾದದ್ದು ಕಾಗದ ಮಾತ್ರ, ನೆಲವಲ್ಲ. ಆದ್ದರಿಂದ ನೆಲ ಹಿಡಿಸುವುದಕ್ಕಿಂತ ಹೆಚ್ಚು ಪಾಸು ಮಾರುವ ಆಸೆಗೆ ಮಿತಿಯಿರುವುದಿಲ್ಲ. ಕೊನೆಗೆ ಸಂದಣಿ ಮಿತಿಮೀರಿದಾಗ ತಪ್ಪು ಯಾರದು? ಪಾಸಿನವರದಂತೆ! ಅವರು ಪದೇ ಪದೇ ಬರುತ್ತಾರಂತೆ, ಖರ್ಚು ಮಾಡುವುದಿಲ್ಲವಂತೆ!

ನಮ್ಮ ಓದುಗರಿಗೆ ಈ ನ್ಯಾಯ ಹೊಸದಲ್ಲ. ಬಸ್ಸಿನ ಪಾಸು ಕೊಂಡ ವಿದ್ಯಾರ್ಥಿಗಳು ರಸ್ತೆಯಲ್ಲಿ ಕೈಯೆತ್ತಿ ನಿಂತಿದ್ದರೆ ನಿಲ್ಲಿಸದೆ ಹೋಗುವ ಬಸ್ಸನ್ನು ಅವರು ನೋಡಿದ್ದಾರೆ. ಪಾಸು ಕೊಡುವಾಗ ಇಲ್ಲದ ಇಕ್ಕಟ್ಟು ಹತ್ತಿಸಿಕೊಳ್ಳುವಾಗ ಬರುತ್ತದೆ.

ಡಿಸ್ನಿಲ್ಯಾಂಡಿನಲ್ಲಿಯೂ ಹೀಗೇ ಆಯಿತು. ಸಾಂಕ್ರಾಮಿಕದಿಂದ ತೋಟ ಮುಚ್ಚಿದ್ದಾಗ, 2021ರ ಜನವರಿಯಲ್ಲಿ, ಹಳೆಯ ಪಾಸಿನ ವ್ಯವಸ್ಥೆಯನ್ನು ಕಂಪನಿ ರದ್ದುಮಾಡಿತು. ಅದೇ ವರ್ಷದ ಆಗಸ್ಟಿನಲ್ಲಿ 'ಮ್ಯಾಜಿಕ್ ಕೀ' ಎಂಬ ಹೊಸ ಹೆಸರಿನಿಂದ ನಾಲ್ಕು ದರ್ಜೆಯ ಪಾಸು ಬಂತು: 399, 649, 949 ಮತ್ತು 1,399 ಡಾಲರು. ಕಡಿಮೆ ಬೆಲೆಯ ಪಾಸಿನವರಿಗೆ ರಜಾದಿನಗಳಲ್ಲಿ ಬಾಗಿಲು ಬಂದ್. ಅಂದರೆ ಕೂಲಿಕಾರನಿಗೆ ಬಿಡುವಿರುವ ದಿನವೇ ಅವನ ಪಾಸಿಗೆ ಬಿಡುವಿಲ್ಲ. ಅತ್ಯಂತ ದುಬಾರಿ ಪಾಸಿಗೆ ನಿಷಿದ್ಧ ದಿನಗಳೇ ಇಲ್ಲವೆಂದು ಸಾರಲಾಗಿತ್ತು. ಆದರೆ ಮುಂಗಡವಾಗಿ ದಿನ ಕಾದಿರಿಸಬೇಕಿತ್ತು, ಕಾದಿರಿಸಲು ಹೋದರೆ ಪಾಸಿನವರ ಪಾಲು ಮುಗಿದಿರುತ್ತಿತ್ತು, ಅದೇ ದಿನದ ಬಿಡಿ ಟಿಕೆಟ್ಟು ಮಾತ್ರ ಮಾರಾಟಕ್ಕಿರುತ್ತಿತ್ತು ಎಂದು ಆಪಾದಿಸಿ ಗಿರಾಕಿಯೊಬ್ಬರು ನ್ಯಾಯಾಲಯಕ್ಕೆ ಹೋದರು. 2023ರಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆ 95 ಲಕ್ಷ ಡಾಲರಿಗೆ ರಾಜಿಯಾಯಿತು. ಪಾಸು ಕೊಂಡಿದ್ದವರು ಸುಮಾರು ಒಂದು ಲಕ್ಷ ಮಂದಿ. ಹಂಚಿದರೆ ತಲೆಗೆ ಎಷ್ಟು ಬಂದೀತೆಂದು ನಮ್ಮ ವರ್ತಕ ಬಂಧುಗಳು ಬೆರಳೆಣಿಸಿಯೇ ಹೇಳಬಲ್ಲರು.

ಸಂದಣಿಯನ್ನು ಕಡಿಮೆ ಮಾಡುವುದಕ್ಕಿಂತ ಅದನ್ನೇ ಸರಕಾಗಿಸಿ ಮಾರುವುದು ಲಾಭದಾಯಕವೆಂಬುದನ್ನೂ ಕಂಪನಿ ಕಂಡುಕೊಂಡಿತು. 1999ರಲ್ಲಿ ಸರದಿಯ ಸಮಯವನ್ನು ಗುರುತಿಸಿಕೊಡುವ ಚೀಟಿ ಎಲ್ಲರಿಗೂ ಪುಕ್ಕಟೆ ಸಿಗುತ್ತಿತ್ತು. 2021ರಿಂದ ಅದಕ್ಕೆ ಬೆಲೆ ಬಂತು. 2024ರ ಅಕ್ಟೋಬರಿನಲ್ಲಿ ಸರದಿಯನ್ನು ದಾಟಿ ನೇರವಾಗಿ ಹೋಗುವ ಒಂದು ದಿನದ ಪಾಸಿಗೆ, ಪ್ರವೇಶಧನದ ಮೇಲೆ, 300ರಿಂದ 400 ಡಾಲರು ಎಂದು ಗೊತ್ತುಮಾಡಿದರು. ಟೆಂಟು ಸಿನಿಮಾಗಳ ಕಾಲದಲ್ಲಿ ನೆಲದ ಮೇಲೆ ಕೂರುವವರಿಗೆ ಒಂದು ದರ, ಕುರ್ಚಿಗೆ ಒಂದು ದರವಿತ್ತು, ನಿಜ. ಆದರೆ ಕುರ್ಚಿಯವನು ಬಂದನೆಂದು ನೆಲದವನಿಗೆ ಚಿತ್ರ ತಡವಾಗಿ ಆರಂಭವಾಗುತ್ತಿರಲಿಲ್ಲ. ಇಲ್ಲಿ ಒಬ್ಬ ಹಣವಂತ ಮುಂದೆ ಹೋದಷ್ಟು ಹೊತ್ತು ಹಿಂದಿನ ಹತ್ತು ಮಂದಿ ಬಿಸಿಲಲ್ಲಿ ಕಾಯಬೇಕು. ಮಾರುತ್ತಿರುವುದು ಅವರ ಸಮಯವನ್ನು.

ಇನ್ನು ವಾಹನ ನಿಲ್ಲಿಸುವ ಜಾಗದ ಕಥೆ. ಇದೇ ಎಲ್ಲಕ್ಕಿಂತ ಮುಖ್ಯವಾದದ್ದು.

ಮೊದಲಿದ್ದ ವಿಶಾಲವಾದ ಮೋಟಾರು ಬಯಲಿನ ಮೇಲೆ ಕಂಪನಿ ತನ್ನ ಎರಡನೆಯ ತೋಟವನ್ನು ಕಟ್ಟಬೇಕೆಂದಿತು. 2001ರಲ್ಲಿ ಅದನ್ನು ತೆರೆಯಿತು. ಹಾಗಾದರೆ ಮೋಟಾರುಗಳು ಎಲ್ಲಿಗೆ ಹೋಗಬೇಕು? ಅನಾಹೈಮ್ ನಗರಸಭೆ ಮುಂದೆ ಬಂತು. 1996ರ ಒಪ್ಪಂದದ ಪ್ರಕಾರ, 1997ರಲ್ಲಿ ಸುಮಾರು 51 ಕೋಟಿ ಡಾಲರು ಸಾಲಪತ್ರ ಎತ್ತಿ, ರಸ್ತೆ, ಸಮ್ಮೇಳನ ಭವನಗಳ ಜೊತೆಗೆ ಸುಮಾರು ಹತ್ತು ಸಾವಿರ ಮೋಟಾರು ಹಿಡಿಸುವ ಬಹುಮಹಡಿ ನಿಲುಗಡೆಯನ್ನೂ ಕಟ್ಟಿಸಲಾಯಿತು. ಆ ಕಟ್ಟಡಕ್ಕೆ ಕಂಪನಿ ನಗರಸಭೆಗೆ ಕೊಡುತ್ತಿದ್ದ ಬಾಡಿಗೆ ವರ್ಷಕ್ಕೆ ಒಂದು ಡಾಲರು! ಮೋಟಾರಿನವರಿಂದ ವಸೂಲಾಗುವ ಹಣ ಕಂಪನಿಗೆ. ಸಾಲ ತೀರಿದ ಮೇಲೆ ಕಟ್ಟಡವೂ ಕಂಪನಿಗೇ. 2017ರಲ್ಲಿ ಲಾಸ್ ಏಂಜಲೀಸಿನ ಪತ್ರಿಕೆಯೊಂದು ಇದನ್ನು ವಿವರವಾಗಿ ಬರೆದಾಗ, ಆ ಪತ್ರಿಕೆಯ ವಿಮರ್ಶಕರಿಗೆ ತನ್ನ ಚಲನಚಿತ್ರಗಳ ಮುಂಗಡ ಪ್ರದರ್ಶನದ ಬಾಗಿಲನ್ನೇ ಕಂಪನಿ ಮುಚ್ಚಿತು; ಇತರ ಪತ್ರಿಕೆಗಳವರು ಒಗ್ಗಟ್ಟಾಗಿ ಪ್ರತಿಭಟಿಸಿದ ಮೇಲೆ ತೆರೆಯಿತು.

ಇದನ್ನು ಸಮರ್ಥಿಸುವವರ ವಾದವನ್ನೂ ಕೇಳೋಣ. ತೋಟ ಬೆಳೆದದ್ದರಿಂದ ವಸತಿಗೃಹಗಳು ಬೆಳೆದವು, ತೆರಿಗೆ ಬೆಳೆಯಿತು, ಹಾಗೆ ಬೆಳೆದ ತೆರಿಗೆಯಿಂದಲೇ ಸಾಲ ತೀರಿತು, ಊರಿನವರಿಗೆ ನಷ್ಟವೇನು ಎಂದು ಅವರು ಕೇಳುತ್ತಾರೆ. ಊರಿಗೆ ಆದಾಯ ಬಂದದ್ದು ಸುಳ್ಳಲ್ಲ. ಆದರೆ ತೆರಿಗೆ ಊರಿನ ಹಣ. ಅದರಿಂದ ಕಟ್ಟಿದ್ದು ಊರಿನ ಆಸ್ತಿ. ನಗರಸಭೆಯ ಮಳಿಗೆಯಲ್ಲಿ ಎಲೆ ಅಡಿಕೆ ಮಾರುವವನು, ನನ್ನ ವ್ಯಾಪಾರದಿಂದಲೂ ತೆರಿಗೆ ಬರುತ್ತದೆ, ಮಳಿಗೆಯನ್ನು ವರ್ಷಕ್ಕೆ ಒಂದು ರೂಪಾಯಿಗೆ ಕೊಟ್ಟು ಆಮೇಲೆ ನನ್ನ ಹೆಸರಿಗೇ ಬರೆದುಕೊಡಿ ಎಂದರೆ ಯಾವ ಪುರಸಭೆ ಕಿವಿಗೊಟ್ಟೀತು?

ಸಣ್ಣ ವರ್ತಕರ ಪಾಡನ್ನೂ ಹೇಳಬೇಕು. ತೋಟದ ಪೂರ್ವಕ್ಕಿರುವ ಹಾರ್ಬರ್ ರಸ್ತೆಯಲ್ಲಿ ಅನೇಕ ಅಂಗಡಿ, ಉಪಾಹಾರಗೃಹ, ವಸತಿಗೃಹಗಳಿವೆ. ಜನ ಈ ರಸ್ತೆಯಿಂದ ನಡೆದೇ ತೋಟಕ್ಕೆ ಹೋಗುತ್ತಾರೆ. ಕಂಪನಿ ಆ ಬದಿಯಲ್ಲಿ ಹೊಸ ನಿಲುಗಡೆ ಕಟ್ಟಿ, ರಸ್ತೆಯ ಮೇಲೆ ಸೇತುವೆ ಹಾಕಿ, ಜನರನ್ನು ನೇರವಾಗಿ ಒಳಗೆ ಒಯ್ಯುವ ಯೋಜನೆ ಹಾಕಿತು. ಕಾಲುದಾರಿ ತಪ್ಪಿದರೆ ಗಿರಾಕಿ ತಪ್ಪಿದ ಹಾಗೆಯೇ ಎಂದು ವರ್ತಕರು ಒಂದಾಗಿ ವಿರೋಧಿಸಿದರು. ಯೋಜನೆ ನಿಂತಿತು. 2019ರಲ್ಲಿ ತೆರೆದ ಎರಡನೆಯ ನಿಲುಗಡೆ ಹಳೆಯದರ ಪಕ್ಕದಲ್ಲಿಯೇ ಎದ್ದಿತು. ಒಬ್ಬೊಬ್ಬರಾಗಿ ಅರ್ಜಿ ಹಿಡಿದು ಹೋಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಇಷ್ಟೆಲ್ಲ ಹಣ ಹರಿಯುವ ತೋಟದಲ್ಲಿ ದುಡಿಯುವವರ ಸ್ಥಿತಿ ಏನು? 2018ರಲ್ಲಿ ಕಾರ್ಮಿಕ ಸಂಘಗಳ ನೆರವಿನಿಂದ ನಡೆದ ಒಂದು ಸಮೀಕ್ಷೆಯಲ್ಲಿ ಉತ್ತರ ಕೊಟ್ಟವರ ಪೈಕಿ ನಾಲ್ಕರಲ್ಲಿ ಮೂರು ಪಾಲು ಜನ, ಸಂಬಳ ಸಂಸಾರದ ಮೂಲ ಖರ್ಚಿಗೂ ಸಾಲದೆಂದರು. ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹಿಂದಿನ ಎರಡು ವರ್ಷಗಳಲ್ಲಿ ಮನೆಯಿಲ್ಲದೆ ದಿನ ಕಳೆದದ್ದುಂಟು ಎಂದರು. ಕಂಪನಿ ಈ ಸಮೀಕ್ಷೆಯನ್ನು ಒಪ್ಪಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಊರಿನ ಮತದಾರರು ಒಂದು ಕಾನೂನು ಮಾಡಿದರು: ಆ ವಿಹಾರ ಪ್ರದೇಶದಲ್ಲಿ ನಗರಸಭೆಯ ಸಹಾಯಧನ ಪಡೆಯುವ ದೊಡ್ಡ ಉದ್ಯಮ ಗಂಟೆಗೆ 15 ಡಾಲರಿಗೆ ಕಡಿಮೆ ಕೂಲಿ ಕೊಡಕೂಡದು, ಅದು ವರ್ಷವರ್ಷವೂ ಏರಬೇಕು. ಮತದಾನಕ್ಕೆ ಮೊದಲೇ, ಆಗಸ್ಟಿನಲ್ಲಿ, ತನಗಿದ್ದ ಎರಡು ತೆರಿಗೆ ವಿನಾಯಿತಿ ಒಪ್ಪಂದಗಳನ್ನು ರದ್ದುಮಾಡಿರೆಂದು ಕಂಪನಿಯೇ ನಗರಸಭೆಯನ್ನು ಕೇಳಿಕೊಂಡಿತ್ತು. ಆಮೇಲೆ, ತಾನು ಸಹಾಯಧನವನ್ನೇ ಪಡೆಯುತ್ತಿಲ್ಲವೆಂದು ವಾದಿಸಿತು.

ಕಾರ್ಮಿಕರು ನ್ಯಾಯಾಲಯಕ್ಕೆ ಹೋದರು. ಕೆಳಗಿನ ನ್ಯಾಯಾಲಯದಲ್ಲಿ ಸೋತರು. ಬಿಡಲಿಲ್ಲ. 2023ರ ಜುಲೈಯಲ್ಲಿ ಮೇಲ್ಮನವಿಯ ನ್ಯಾಯಾಲಯ, 1996ರ ಆ ಸಾಲಪತ್ರದ ಒಪ್ಪಂದವೇ ನಗರಸಭೆಯ ಸಹಾಯಧನವೆಂದು ತೀರ್ಪಿತ್ತಿತು. ಮೋಟಾರು ನಿಲ್ಲಿಸಲು ಜನರ ಹಣದಲ್ಲಿ ಕಟ್ಟಡ ಪಡೆದ ಕಾಗದವೇ ಕೂಲಿಕಾರರ ಕೈಗೆ ಆಯುಧವಾಯಿತು. 2024ರ ಡಿಸೆಂಬರಿನಲ್ಲಿ 23 ಕೋಟಿ 30 ಲಕ್ಷ ಡಾಲರಿನ ರಾಜಿ ಹೊರಬಿತ್ತು. ಐವತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರಿಗೆ ಬಾಕಿ ಕೂಲಿ ದೊರೆಯುವಂತಾಯಿತು.

ಈಗ ಕೃಷ್ಣರಾಜಸಾಗರಕ್ಕೆ ಬರೋಣ. ಬೃಂದಾವನ ಯಾವ ಕಂಪನಿಯ ಸೊತ್ತೂ ಅಲ್ಲ. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದ ಬೊಕ್ಕಸದಿಂದ, ಅಂದರೆ ರೈತನ ಕಂದಾಯದಿಂದ, ಎದ್ದ ತೋಟ ಅದು. ಕಾರಂಜಿ ನೋಡಲು ಬುತ್ತಿ ಕಟ್ಟಿಕೊಂಡು ಹೋದವರು ನಮ್ಮ ಓದುಗರ ತಂದೆ ತಾಯಿಯರು. ಅಲ್ಲಿ ಏನು ಮಾಡಬೇಕಾದರೂ ಮೊದಲು ಒಪ್ಪಂದದ ಕರಡನ್ನು ಕನ್ನಡದಲ್ಲಿ ಅಚ್ಚುಮಾಡಿ ಜನರ ಮುಂದಿಡಲಿ. ವಾಹನ ನಿಲುಗಡೆಯ ನೆಲ ಮತ್ತು ಅದರ ಉತ್ಪನ್ನ ಸರ್ಕಾರದ್ದಾಗಿಯೇ ಉಳಿಯಲಿ. ಪಾಸು ಮಾರುವುದಾದರೆ ಸ್ಥಳ ಹಿಡಿಸುವಷ್ಟೇ ಮಾರಲಿ; ಭಾನುವಾರ ನಡೆಯದ ಪಾಸನ್ನು ಪಾಸೆಂದು ಕರೆಯದಿರಲಿ. ಸ್ವಂತ ಮೋಟಾರಿಲ್ಲದವನಿಗೆ ಸಾಕಷ್ಟು ಬಸ್ಸು ಬಿಡಲಿ. ಸಾವಿರ ಕಾರಿಗೆ ನೆಲ ಹುಡುಕುವುದಕ್ಕಿಂತ ಅದು ಅಗ್ಗ. ಬಾಗಿಲಲ್ಲಿ ಕಡಲೆಕಾಯಿ, ಸೌತೆಕಾಯಿ ಮಾರುವವರನ್ನು ಎತ್ತಂಗಡಿ ಮಾಡದೆ ಅವರಿಗೆ ಜಾಗ ಗುರುತಿಸಲಿ. ಅಲ್ಲಿ ದುಡಿಯುವ ಪ್ರತಿಯೊಬ್ಬ ಮಾಲಿಗೆ, ಕಸಗುಡಿಸುವವರಿಗೆ, ಕಾವಲುಗಾರನಿಗೆ ಕೊಡಬೇಕಾದ ಕೂಲಿ ಒಪ್ಪಂದದಲ್ಲಿಯೇ ಅಂಕಿಯಲ್ಲಿ ಬರೆದಿರಲಿ, ಗುತ್ತಿಗೆದಾರನ ಮರ್ಜಿಗೆ ಬಿಡದಿರಲಿ.

ಖಾಸಗಿ ಬಂಡವಾಳವಿಲ್ಲದೆ ಇಷ್ಟು ದೊಡ್ಡ ಕೆಲಸ ಆಗದೆಂದು ಸಚಿವರು ಹೇಳಬಹುದು. ಹಾಗಿದ್ದರೆ ಕೆಲಸ ಚಿಕ್ಕದಾಗಲಿ. ಅನಾಹೈಮಿನವರಿಗೆ ತಾವು ಬರೆದುಕೊಟ್ಟ ಕರಾರಿನ ಅರ್ಥ ನ್ಯಾಯಾಲಯದಲ್ಲಿ ಇತ್ಯರ್ಥವಾಗಲು 27 ವರ್ಷ ಹಿಡಿಯಿತು. ನಮ್ಮ ಕರಾರಿನ ಶಾಯಿ ಒಣಗುವ ಮೊದಲೇ ಅದನ್ನು ಓದಿ ನೋಡುವ ಹಕ್ಕು ನಮಗಿದೆ. ಮಂಡ್ಯ ಮೈಸೂರುಗಳ ಶಾಸಕರು ಅದನ್ನು ತಂದು ಜನರ ಮುಂದೆ ಓದಲಿ.