ಮೊದಲು ಊರ ಕಿವಿಗೆ

ತಾನು ಹುಟ್ಟಿ ಬೆಳೆದ ಊರನ್ನು ಹಾಡಿ ಹೊಗಳಬೇಕೆಂಬ ಆಸೆ ಕವಿಗೆ ಎಷ್ಟು ಸಹಜವೋ, ಆ ಹೊಗಳಿಕೆಯ ಭರದಲ್ಲಿ ಊರೇ ಕಾಣದೆ ಹೋಗುವ ಅಪಾಯವೂ ಅಷ್ಟೇ ಸಹಜವಾದುದು. ನಮ್ಮ ತರುಣರಲ್ಲಿ ಇಂದು ರ‍್ಯಾಪ್ ಗಾಯನದ ಒಲವು ಬಲವಾಗಿ ಬೇರೂರಿದೆ. ತಂತಮ್ಮ ಊರಿನ ಹೆಸರನ್ನು ಪಲ್ಲವಿಯಲ್ಲಿಟ್ಟು ಎದೆತುಂಬಿ ಹಾಡುವ ಹುಡುಗರನ್ನು ಕೇಳಿ ನಾನು ಹರ್ಷಪಟ್ಟಿದ್ದೇನೆ. ಆದರೆ ಹಾಗೆ ಕೇಳಿದ ಹಾಡುಗಳಲ್ಲಿ ಅನೇಕವು ಊರಿನವರಿಗಾಗಿ ರಚಿತವಾದಂತೆ ತೋರದೆ, ಊರನ್ನು ಕಂಡರಿಯದ ಯಾರಿಗೋ ಅದರ ಕೋಟೆಯನ್ನೂ ದೇಗುಲವನ್ನೂ ತಿಂಡಿತಿನಿಸುಗಳನ್ನೂ ಪರಿಚಯಿಸಿಕೊಡುವ ಉದ್ದೇಶದಿಂದ ಹುಟ್ಟಿದಂತೆ ತೋರುತ್ತವೆ. ಊರ ಹಾಡಿನ ಮೊದಲ ಶ್ರೋತೃ ಊರಿನವನೇ ಆಗಿರತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ; ಏಕೆಂದರೆ ಅವನೆದುರಿಗೆ ಸುಳ್ಳು ನಡೆಯುವುದಿಲ್ಲ.

ಈ ಮಾತಿಗೆ ಆಧಾರವಾಗಿ 1994ರ ಏಪ್ರಿಲ್ ತಿಂಗಳಲ್ಲಿ ಹೊರಬಂದ ‘ಇಲ್‌ಮ್ಯಾಟಿಕ್’ ಎಂಬ ಅಮೆರಿಕದ ಆಲ್ಬಮ್ಮನ್ನು ಹೆಸರಿಸುತ್ತೇನೆ. ಅದರ ಕರ್ತೃ, ನಾಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ ನಾಸಿರ್ ಜೋನ್ಸ್, ಆಗ ಇಪ್ಪತ್ತು ವರ್ಷದ ತರುಣ. ಎಂಟನೆಯ ತರಗತಿಗೇ ಶಾಲೆಗೆ ಶರಣು ಹೊಡೆದವನು. ಅವನು ಬೆಳೆದ ನೆಲ ನ್ಯೂಯಾರ್ಕ್ ನಗರದ ಕ್ವೀನ್ಸ್‌ಬ್ರಿಜ್: ಈಸ್ಟ್ ನದಿಯ ದಡದಲ್ಲಿ, ದೊಡ್ಡ ಸೇತುವೆಯೊಂದರ ಮಗ್ಗುಲಲ್ಲಿ, ಬಡ ಕುಟುಂಬಗಳ ವಾಸಕ್ಕೆಂದು ಸರ್ಕಾರ ಕಟ್ಟಿಸಿ 1939ರಲ್ಲಿ ತೆರೆದ ವಸತಿ ಸಮುಚ್ಚಯ. ಆರಂತಸ್ತಿನ ಇಟ್ಟಿಗೆಯ ಕಟ್ಟಡಗಳು, ಮೂರು ಸಾವಿರಕ್ಕೂ ಮಿಕ್ಕ ಮನೆಗಳು. ಖರ್ಚು ಉಳಿಸುವ ಸಲುವಾಗಿ ಲಿಫ್ಟು ಒಂದು, ಮೂರು, ಐದನೆಯ ಅಂತಸ್ತುಗಳಲ್ಲಿ ಮಾತ್ರ ನಿಲ್ಲುವಂತೆ ಅಲ್ಲಿ ಏರ್ಪಡಿಸಲಾಗಿತ್ತು. ನದಿಯ ಆಚೆ ದಡದಲ್ಲಿ ಮ್ಯಾನ್‌ಹಟನ್ನಿನ ವೈಭವ. ಈಚೆ ದಡದಲ್ಲಿ, ಆ ಹುಡುಗನ ಬಾಲ್ಯದುದ್ದಕ್ಕೂ, ಮಾದಕದ್ರವ್ಯದ ಹಾವಳಿ ಮತ್ತು ಬಂದೂಕಿನ ಭಯ. ಅವನ ಆಪ್ತ ಗೆಳೆಯನೊಬ್ಬ 1992ರಲ್ಲಿ ಗುಂಡೇಟಿಗೆ ಬಲಿಯಾದನು.

ಇಂಥ ಸ್ಥಳವನ್ನು ಕುರಿತ, ಹತ್ತು ಭಾಗಗಳ, ಸುಮಾರು ನಲವತ್ತು ನಿಮಿಷಗಳ ಆ ಕೃತಿ ರೈಲುಗಾಡಿಯ ಸದ್ದಿನಿಂದ ಆರಂಭವಾಗುತ್ತದೆ. ಮುಖಪುಟದಲ್ಲಿ ಬಾಲಕ ನಾಸನ ಮುಖ. ಅದರ ಮೇಲೆ ಅದೇ ವಸತಿಯ ಬೀದಿಯ ಚಿತ್ರ ಬೆರೆತುಕೊಂಡಿದೆ. ಜಾಝ್ ವಾದಕರಾದ ತಂದೆ ಓಲು ಡಾರಾ ಅವರ ಕಾರ್ನೆಟ್ ವಾದನ ಒಂದು ಹಾಡಿನ ಕೊನೆಯಲ್ಲಿ ತೇಲಿಬರುತ್ತದೆ. ತನ್ನನ್ನು ಸಾಕಿದವರ ಋಣವನ್ನು ಮಗನು ಮಾತಿನಿಂದ ಹೇಳದೆ, ತಂದೆಯ ಉಸಿರನ್ನೇ ತನ್ನ ಹಾಡಿಗೆ ಸೇರಿಸಿಕೊಂಡಿರುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಆದರೆ ನನ್ನ ವಾದಕ್ಕೆ ಮುಖ್ಯವಾದುದು ‘ಒನ್ ಲವ್’ ಎಂಬ ಹಾಡು. ಇದರ ಮೊದಲ ಭಾಗಗಳು ಸೆರೆಮನೆಯಲ್ಲಿರುವ ಗೆಳೆಯರಿಗೆ ಬರೆದ ಪತ್ರಗಳ ರೂಪದಲ್ಲಿವೆ: ಕೂಸು ಹುಟ್ಟಿದೆ, ತಂದೆಯ ಹೋಲಿಕೆಯೇ ಇದೆ, ಇಂಥವನು ಇಂಥ ಕಡೆ ಸೇರಿಕೊಂಡನು, ಇಂಥವನು ತೀರಿಕೊಂಡನು ಎಂಬ ಓಣಿಯ ಸಮಾಚಾರ. ಪತ್ರವನ್ನು ಓದುವವನಿಗೆ ಆ ಓಣಿಯ ಪ್ರತಿಯೊಂದು ಮೂಲೆಯೂ ಗೊತ್ತಿರುವುದರಿಂದ ಬರೆದವನು ಏನನ್ನೂ ವಿವರಿಸಲು ಹೋಗುವುದಿಲ್ಲ, ಯಾವುದಕ್ಕೂ ಬಣ್ಣ ಕಟ್ಟಲು ಹೋಗುವುದಿಲ್ಲ; ಬರಿಯ ಹೆಸರುಗಳನ್ನು ಹೇಳುತ್ತಾನೆ. ಕೊನೆಯ ಭಾಗದಲ್ಲಿ ಹನ್ನೆರಡು ವರ್ಷದ ಪೋರನೊಬ್ಬ ಬೆಂಚಿನ ಮೇಲೆ ಕುಳಿತು ದೊಡ್ಡವನಂತೆ ಮಾತನಾಡುತ್ತಾನೆ. ನಾಸ್ ಅವನಿಗೆ ಅಣ್ಣನ ಸ್ಥಾನದಲ್ಲಿ ನಿಂತು ಬುದ್ಧಿ ಹೇಳಿ ಹೊರಡುತ್ತಾನೆ. ಇಷ್ಟೇ. ಆದರೂ ಊರಿನ ಮೇಲಣ ಪ್ರೀತಿ ಇದಕ್ಕಿಂತ ಪೂರ್ಣವಾಗಿ ವ್ಯಕ್ತವಾಗಿರುವ ರ‍್ಯಾಪ್ ಗೀತವನ್ನು ನಾನು ಕೇಳಿಲ್ಲ.

ಊರಭಿಮಾನದ ಈ ಪರಂಪರೆ ನಾಸನಿಂದ ಮೊದಲಾದುದಲ್ಲ. ಅದೇ ಕ್ವೀನ್ಸ್‌ಬ್ರಿಜ್ಜಿನ ಎಂ.ಸಿ. ಶಾನ್ ಎಂಬಾತನು ‘ದಿ ಬ್ರಿಜ್’ ಎಂಬ ಹಾಡಿನಲ್ಲಿ ತನ್ನ ಕೇರಿಯನ್ನು ಕೊಂಡಾಡಿದಾಗ ಬ್ರಾಂಕ್ಸ್ ಭಾಗದ ಕೆ.ಆರ್.ಎಸ್. ಒನ್ ಕಟುವಾದ ಮರುಹಾಡು ಕಟ್ಟಿದನು. ವಾದ ವರ್ಷಗಳ ಕಾಲ ನಡೆಯಿತು. ಹರದೇಶಿ–ನಾಗೇಶಿ ಮೇಳಗಳ ಸವಾಲು-ಜವಾಬನ್ನು ರಾತ್ರಿಯಿಡೀ ಕೇಳಿದ ಉತ್ತರ ಕರ್ನಾಟಕದವರಿಗೆ ಇದು ಅಪರಿಚಿತವಾದ ವ್ಯವಹಾರವಲ್ಲ. ಲಾವಣಿಯ ಕಡೆಯ ನುಡಿಯಲ್ಲಿ ತನ್ನ ಊರಿನ ಹೆಸರನ್ನು ನಾಟಿಸುವ ಪದ್ಧತಿಯೂ ನಮ್ಮ ಗಾಯಕರಿಗೆ ಹೊಸದಲ್ಲ.

ಊರಿನವರಿಗೆಂದೇ ಹಾಡಿದರೆ ಹೊರಗಿನವರಿಗೆ ಅರ್ಥವಾಗುವುದು ಹೇಗೆ ಎಂದು ಕೇಳುವವರುಂಟು. ಹೇಮಾವತಿಯ ದಡವನ್ನು ಎಂದೂ ಮೆಟ್ಟದವರು ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ನಮ್ಮ ಊರಿನ ರಸಿಕರು’ ಓದಿ ಆನಂದಪಡುವುದು ಹೇಗೋ ಹಾಗೆಯೇ, ಎಂಬುದು ನನ್ನ ಉತ್ತರ. ಇಲ್‌ಮ್ಯಾಟಿಕ್ ಕೂಡ ಕಾಲಾಂತರದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿತು. ಊರಿನ ಕುಂದುಗಳನ್ನು ಹೊರಗೆಡಹಿದರೆ ಊರಿಗೆ ಅವಮಾನವಾದೀತೆಂಬ ಆಕ್ಷೇಪಕ್ಕೆ ನನ್ನಲ್ಲಿ ಸಹಾನುಭೂತಿಯುಂಟು, ಒಪ್ಪಿಗೆಯಿಲ್ಲ. ಕುಂದುಗಳ ನಡುವೆಯೇ ಬಾಳಿದ ಜನ ತಮ್ಮ ಬಾಳನ್ನು ಹಾಡಿನಲ್ಲಿ ಕಾಣದೆ ಹೋದಾಗ ಆಗುವ ಅವಮಾನ ಅದಕ್ಕಿಂತ ದೊಡ್ಡದು.

ನಮ್ಮ ದಾವಣಗೆರೆಯನ್ನೇ ತೆಗೆದುಕೊಳ್ಳಿ. ಆ ಊರೆಂದೊಡನೆ ಎಲ್ಲರ ಬಾಯಿಗೂ ಬರುವುದು ಬೆಣ್ಣೆದೋಸೆ. ಅದರ ರುಚಿಯನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಮಂಡಕ್ಕಿ ಭಟ್ಟಿಗಳ ಬೀದಿಯಲ್ಲಿ ಬೆಳೆದ ಹುಡುಗನೊಬ್ಬನು, ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದನ್ನೂ, ಭಟ್ಟಿಯ ಹೊಗೆಗೆ ಕಪ್ಪಾದ ಗೋಡೆಯನ್ನೂ, ಮುಚ್ಚಿಹೋದ ಹತ್ತಿಯ ಗಿರಣಿಯ ನೆನಪನ್ನು ಬಿಡದ ಅಜ್ಜನನ್ನೂ, ತನ್ನ ಮನೆಯ ಮಾತಿನಲ್ಲಿಯೇ, ಬೆಂಗಳೂರಿನ ಕಿವಿಗೆಂದು ಒಂದಕ್ಷರವನ್ನೂ ತಿದ್ದದೆ, ಹತ್ತು ಹಾಡುಗಳಲ್ಲಿ ಕಟ್ಟಿಕೊಟ್ಟರೆ ಅದನ್ನು ಕೇಳಲು ನಾನು ಕಾತರನಾಗಿದ್ದೇನೆ. ಒಂದು ಹಾಡು ಸಾಲದು. ಒಂದು ಹಾಡಿನಲ್ಲಿ ಘೋಷಣೆ ಹಿಡಿಸೀತು, ಬಾಲ್ಯ ಹಿಡಿಸದು. ಅಂಥ ಆಲ್ಬಮ್ ಸಿದ್ಧವಾದಾಗ ಅದರ ಮೊದಲ ಗಾಯನ ಕೆಲಸ ಬಿಡುವ ಹೊತ್ತಿಗೆ ಆ ಬೀದಿಯಲ್ಲಿಯೇ ನಡೆಯಲಿ. ಹೆಸರು ತಪ್ಪಿದ್ದರೆ, ಹೊಗಳಿಕೆ ಮಿತಿಮೀರಿದ್ದರೆ, ಎದ್ದುನಿಂತು ಹೇಳುವವರು ಅಲ್ಲಿದ್ದಾರೆ. ತಿದ್ದಿಕೊಂಡ ಬಳಿಕ ಬೆಂಗಳೂರಿಗೆ ತರಲು ಅವಸರವೇನೂ ಇಲ್ಲ.